ಆವಕ–ಜಾವಕ ವಹಿಯೂ ಪತ್ರದ ಒಕ್ಕಣೆಯೂ

ಶಾಲಾ ಕಛೇರಿಯ ಆವಕ–ಜಾವಕ ವಹಿಯಲ್ಲಿ ಪತ್ರದ ದಿನಾಂಕ, ವಿಳಾಸ, ವಿಷಯ ನಮೂದಾಗುತ್ತವೆ. ಒಕ್ಕಣೆಯನ್ನು ಯಾರೂ ನಕಲು ಮಾಡುವುದಿಲ್ಲ. ತಂತ್ರಾಂಶವು ಎಚ್‌ಟಿಟಿಪಿ ಮೂಲಕ ಸರ್ವರಿಗೆ ಕಳಿಸುವ ಕೋರಿಕೆಗೂ ಪಡೆಯುವ ಉತ್ತರಕ್ಕೂ ಇಂಥದೇ ವಹಿಯುಂಟು. ಅದು ಲಾಗ್. ಕಾಟ್ಲಿನ್ ಭಾಷೆಯ ಕೇಟಾರ್ ಕ್ಲೈಂಟಿನಲ್ಲಿ ಇದನ್ನು ಬರೆಯುವುದು ‘ಲಾಗಿಂಗ್’ ಎಂಬ ಪ್ಲಗಿನ್. ಬೇರೇನೂ ಸೂಚಿಸದಿದ್ದರೆ ಅದು ‘ಹೆಡರ್ಸ್’ ಮಟ್ಟದಲ್ಲಿರುತ್ತದೆ, ಅಂದರೆ ಲಕೋಟೆಯ ಮೇಲ್ಬರಹವನ್ನಷ್ಟೇ ದಾಖಲಿಸುತ್ತದೆ. ‘ಬಾಡಿ’ ಮಟ್ಟದಲ್ಲಿ ಒಕ್ಕಣೆ ಸೇರುತ್ತದೆ, ಆದರೆ ಹೆಡರುಗಳು ಬಿಟ್ಟುಹೋಗುತ್ತವೆ. ಎರಡೂ ಬೇಕಾದಲ್ಲಿ ‘ಆಲ್’.

ಒಕ್ಕಣೆಯನ್ನು ಏಕೆ ನೋಡಬೇಕು? ಕನ್ನಡ ಬಳಸುವ ವಿದ್ಯಾರ್ಥಿಗೆ ಇದಕ್ಕೆ ಉತ್ತಮ ನಿದರ್ಶನ ಕೈಯಲ್ಲೇ ಇದೆ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಕ, ನ, ವಿರಾಮಚಿಹ್ನೆಯಲ್ಲದ ಹಲಂತದ ಗುರುತು, ಮತ್ತೆ ನ, ಡ ಎಂದು ಐದು ಸಂಕೇತ. ಯುಟಿಎಫ್–8ರಲ್ಲಿ 15 ಬೈಟ್. ಈ ಪದವನ್ನು ಕಳಿಸಿ, ಸರ್ವರ್ ಅದನ್ನೇ ಮರಳಿಸಿದಾಗ ಪರದೆಯಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಕಂಡವೆನ್ನೋಣ. ಕೋರಿಕೆಯ ಲಾಗಿನಲ್ಲಿ ಪದ ಸರಿಯಾಗಿದ್ದು ಉತ್ತರದ ಲಾಗಿನಲ್ಲಿ ಕೆಟ್ಟಿದ್ದರೆ ತಪ್ಪು ನಡೆದಿರುವುದು ಆಚೆಯಲ್ಲಿ ಅಥವಾ ಉತ್ತರವನ್ನು ಓದಿಕೊಂಡ ಬಗೆಯಲ್ಲಿ. ಎರಡೂ ಕಡೆ ಕೆಟ್ಟಿದ್ದರೆ ಲಾಗನ್ನು ತೋರಿಸುವ ಪರದೆಯನ್ನೇ ಮೊದಲು ಶಂಕಿಸತಕ್ಕದ್ದು. ಕನ್ನಡ ಬಾರದ ಪರದೆಗಳು ಇಂದಿಗೂ ಉಂಟು. ಲಾಗಿಲ್ಲದೆ ಈ ಹುಡುಕಾಟ ಬರಿಯ ಊಹೆ.

ಆದರೆ ಒಕ್ಕಣೆಯಲ್ಲಿ ಪದವೊಂದೇ ಇರುವುದಿಲ್ಲ. ಗುಪ್ತಪದ, ಜನ್ಮದಿನಾಂಕ, ಅಂಕಗಳೂ ಇರುತ್ತವೆ. ಎಚ್‌ಟಿಟಿಪಿಎಸ್ ಇವನ್ನು ದಾರಿಯಲ್ಲಿ ಕಾಯುತ್ತದೆ; ಲಾಗ್ ಬರೆಯಲ್ಪಡುವುದಾದರೋ ಗೂಢೀಕರಣಕ್ಕೆ ಮುನ್ನ, ಕಳಿಸುವವರ ಯಂತ್ರದಲ್ಲೇ. ಪ್ಲಗಿನ್ನಿನ ‘ಸ್ಯಾನಿಟೈಸ್‌ಹೆಡರ್’ ಸೂಚನೆಯು ದೃಢೀಕರಣದ ಹೆಡರನ್ನು ನಕ್ಷತ್ರಚಿಹ್ನೆಗಳಿಂದ ಮರೆಮಾಡಬಲ್ಲದು, ಒಕ್ಕಣೆಯೊಳಗಿನ ಗುಪ್ತಪದವನ್ನು ಅದು ಮುಟ್ಟುವುದಿಲ್ಲ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ: ಹೆಡರ್ ಮರೆಯಾದುದನ್ನು ಕಂಡು ಎಲ್ಲವೂ ಮರೆಯಾಯಿತೆಂದು ಭಾವಿಸುತ್ತಾರೆ. ದೋಷ ಸಿಕ್ಕಿದೊಡನೆ ಮಟ್ಟವನ್ನು ‘ಹೆಡರ್ಸ್’ ಅಥವಾ ‘ಇನ್ಫೋ’ಗೆ ಇಳಿಸುವುದನ್ನೂ, ಆವರೆಗಿನ ಲಾಗ್ ಕಡತವನ್ನು ಅಳಿಸುವುದನ್ನೂ ಪಾಠದ ಅಂಗವಾಗಿಯೇ ಮಾಡಿಸಬೇಕು.

ಅಭ್ಯಾಸ: ಕಲ್ಪಿತ ಹೆಸರು, ಕಲ್ಪಿತ ಗುಪ್ತಪದಗಳಿರುವ ಒಂದೇ ಕೋರಿಕೆಯನ್ನು ‘ಇನ್ಫೋ’, ‘ಹೆಡರ್ಸ್’, ‘ಬಾಡಿ’, ‘ಆಲ್’ ಮಟ್ಟಗಳಲ್ಲಿ ಕಳಿಸಿ, ನಾಲ್ಕು ಲಾಗುಗಳನ್ನೂ ಮುದ್ರಿಸಿ ಹಂಚುವುದು. ಅಪರಿಚಿತರ ಕೈಗೆ ಸಿಗಬಾರದ ಸಾಲುಗಳಿಗೆ ವಿದ್ಯಾರ್ಥಿಗಳು ಅಡಿಗೆರೆ ಎಳೆಯಲಿ. ಮಕ್ಕಳ ನಿಜವಾದ ದಾಖಲೆಗಳನ್ನು ಇದಕ್ಕೆ ಬಳಸತಕ್ಕದ್ದಲ್ಲ.