‘ಅಕಸ್ಮಾತ್’ ಶಬ್ದವೂ ಗಾಯನಿವಾರಣೆಯ ಶಾಸ್ತ್ರವೂ

ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ಯಾವ ಕಾರಣದಿಂದ ಎಂದರ್ಥ. ಅದಕ್ಕೆ ನಿಷೇಧಾರ್ಥದ ಅಕಾರ ಸೇರಿ ‘ಅಕಸ್ಮಾತ್’ ಆಯಿತು. ಕಾರಣವಿಲ್ಲದೆ ಒದಗಿದ್ದು ಎಂಬುದು ಅದರ ತಾತ್ಪರ್ಯ. ಮಗು ಬಾವಿಗೆ ಬಿದ್ದರೂ ಬಂಡಿ ಮಗುಚಿದರೂ ‘ಅಕಸ್ಮಾತ್ತಾಗಿ ಆಯಿತು’ ಎಂದು ಹೇಳಿ ಜನರು ವಿಚಾರವನ್ನು ಅಲ್ಲಿಗೇ ಮುಗಿಸುವರು. ಇಂಗ್ಲಿಷಿನ ‘ಆಕ್ಸಿಡೆಂಟ್’ ಶಬ್ದದ ಗತಿಯೂ ಇದೇ. ಬ್ರಿಟಿಷ್ ಮೆಡಿಕಲ್ ಜರ್ನಲ್ ೨೦೦೧ರಲ್ಲಿ ಆ ಶಬ್ದವನ್ನು ತನ್ನ ಪುಟಗಳಿಂದ ಬಹಿಷ್ಕರಿಸಲು ನಿಶ್ಚಯಿಸಿತು. ಒಂದು ಶಬ್ದದ ಮೇಲೆ ವೈದ್ಯರಿಗೇಕೆ ಇಷ್ಟು ಮುನಿಸು?

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯಶಾಲೆಯಲ್ಲಿ ೧೯೮೭ರಲ್ಲಿ ಸ್ಥಾಪಿತವಾದ ಗಾಯನಿವಾರಣಾ ಸಂಶೋಧನ ಕೇಂದ್ರದ ಚರಿತ್ರೆ ಇದಕ್ಕೆ ಉತ್ತರವನ್ನೀಯುತ್ತದೆ. ಆಸ್ಪತ್ರೆಯು ಗಾಯಗೊಂಡವನನ್ನು ಉಪಚರಿಸಿದರೆ, ಈ ಕೇಂದ್ರವು ಗಾಯಕ್ಕೆ ಹಿಂದಿನ ಕ್ಷಣವನ್ನು ಶೋಧಿಸುತ್ತದೆ.

ಇದಕ್ಕೆ ತಳಹದಿಯಾದದ್ದು ವಿಲಿಯಂ ಹ್ಯಾಡನ್ ಎಂಬ ವೈದ್ಯನ ವಿಚಾರಸರಣಿ. ರೋಗಕ್ಕೆ ರೋಗಾಣುವಿರುವಂತೆ ಗಾಯಕ್ಕೆ ಶಕ್ತಿಯೇ ಕಾರಣ. ವೇಗ, ಶಾಖ, ವಿದ್ಯುತ್ತುಗಳು ದೇಹ ತಾಳಲಾರದಷ್ಟು ತಗುಲಿದಾಗ ಗಾಯವಾಗುತ್ತದೆ. ಮನುಷ್ಯ, ಸಾಧನ, ಪರಿಸರಗಳೆಂಬ ಮೂರನ್ನು ಘಟನೆಗೆ ಮುನ್ನ, ಘಟನೆಯ ವೇಳೆ, ತರುವಾಯ ಎಂಬ ಮೂರು ಅವಸ್ಥೆಗಳೊಡನೆ ಹೊಂದಿಸಿ ಅವನು ಒಂಬತ್ತು ಮನೆಗಳ ಕೋಷ್ಟಕವನ್ನು ರಚಿಸಿದನು. ಮೂರು ಪುರುಷ, ಮೂರು ಕಾಲಗಳ ಕ್ರಿಯಾಪದ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಇದು ಹೊಸತೆನಿಸದು. ಪ್ರತಿಯೊಂದು ಮನೆಯಲ್ಲಿಯೂ ಕೇಳಬೇಕಾದ ಪ್ರಶ್ನೆ ‘ಕಸ್ಮಾತ್’ ಎಂಬುದೇ.

ಕೇಂದ್ರದ ಪ್ರಥಮ ನಿರ್ದೇಶಕಿ ಸೂಸನ್ ಬೇಕರ್. ಗಾಯದ ತೀವ್ರತೆಯನ್ನು ಅಂಕಿಯಲ್ಲಿ ಅಳೆಯುವ ಕ್ರಮವನ್ನು ೧೯೭೪ರಲ್ಲಿ ಹ್ಯಾಡನ್ ಮೊದಲಾದವರೊಡನೆ ರೂಪಿಸಿದವರು ಇವರೇ. ಕೇಂದ್ರ ಹುಟ್ಟುವ ಮೊದಲೇ, ೧೯೭೯ರಲ್ಲಿ, ಕಾರಿನಲ್ಲಿ ಪ್ರಯಾಣಿಸುವ ಎಳೆಯರ ಮರಣಗಳನ್ನು ಇವರು ಪರಿಶೀಲಿಸಿದರು. ಆರು ತಿಂಗಳು ತುಂಬದ ಕೂಸುಗಳಲ್ಲಿಯೇ ಮರಣಪ್ರಮಾಣ ಅತ್ಯಧಿಕವೆಂದು ಕಂಡುಬಂದಿತು. ತಾಯಿಯ ಮಡಿಲಿಗಿಂತ ಸುರಕ್ಷಿತ ಸ್ಥಳವುಂಟೇ ಎಂದು ನಂಬಿದ್ದ ಲೋಕಕ್ಕೆ ಇದು ಕಠೋರವಾದ ಮಾತು. ಆದರೆ ವೇಗದ ಕಾರು ಡಿಕ್ಕಿ ಹೊಡೆದು ಥಟ್ಟನೆ ನಿಂತಾಗ, ಮುಂದಕ್ಕೆ ಚಿಮ್ಮುವ ಕೂಸನ್ನು ಹಿಡಿದಿಡುವ ಬಲ ಯಾವ ತಾಯಿಯ ತೋಳಿಗೂ ಇಲ್ಲ. ಅಲ್ಲಿ ಕೊರತೆಯಾದದ್ದು ವಾತ್ಸಲ್ಯವಲ್ಲ, ಪಟ್ಟಿಯಿಂದ ಬಿಗಿದ ಪುಟ್ಟ ಆಸನ. ಅದನ್ನು ಕಡ್ಡಾಯಗೊಳಿಸುವ ಶಾಸನ ಟೆನೆಸಿ ರಾಜ್ಯದಲ್ಲಿ ೧೯೭೮ರಲ್ಲಿ ಮೊದಲು ಜಾರಿಗೆ ಬಂದಿತ್ತು. ೧೯೮೫ರ ವೇಳೆಗೆ ಆ ದೇಶದ ಎಲ್ಲ ರಾಜ್ಯಗಳಲ್ಲಿಯೂ ಅಂಥ ಶಾಸನಗಳಾದವು.

ಶಾಸನವಾದರೂ ಬಡವರ ಕೈಗೆ ಸಾಧನ ಎಟುಕಬೇಕಷ್ಟೆ. ೧೯೯೭ರಲ್ಲಿ ಹಾಪ್ಕಿನ್ಸ್ ಮಕ್ಕಳ ಆಸ್ಪತ್ರೆಯೊಳಗೇ ಒಂದು ಸುರಕ್ಷಾಕೇಂದ್ರ ತೆರೆಯಿತು. ಮಗುವಿನ ಚಿಕಿತ್ಸೆಗೆ ಬಂದ ತಾಯಿತಂದೆಗಳು ಅಲ್ಲಿ ಕಾರಿನ ಆಸನ, ಮೆಟ್ಟಿಲಿಗಿಡುವ ತಡೆಬಾಗಿಲು, ಹೊಗೆ ಸುಳಿದರೆ ಕೂಗುವ ಯಂತ್ರ ಮುಂತಾದುವುಗಳನ್ನು ಕಡಮೆ ಬೆಲೆಗೆ ಪಡೆದು, ಬಳಸುವ ಬಗೆಯನ್ನೂ ಕಲಿತು ಮನೆಗೆ ಹಿಂದಿರುಗತೊಡಗಿದರು.