ತೈಲದ ದಾರಿಗಳು ಮತ್ತು ಯುದ್ಧತಂತ್ರ: ಇರಾನ್–ಇರಾಕ್ ಸಮರ ಕಲಿಸುವ ವ್ಯಾಪಾರದ ಪಾಠ

ಒಂದು ರಾಷ್ಟ್ರದ ಆರ್ಥಿಕ ಬಲವನ್ನು ಅಳೆಯುವಾಗ ಅದರಲ್ಲಿರುವ ಸಂಪನ್ಮೂಲದ ಪ್ರಮಾಣವನ್ನು ನಾವು ಮೊದಲು ಎಣಿಸುತ್ತೇವೆ. ಆ ಸಂಪನ್ಮೂಲವು ಎಷ್ಟು ದಾರಿಗಳ ಮೂಲಕ ಮಾರುಕಟ್ಟೆಯನ್ನು ಸೇರುತ್ತದೆ, ಆ ದಾರಿಗಳ ಕೀಲಿಕೈ ಯಾರ ಬಳಿ ಇದೆ ಎಂದು ವಿಚಾರಿಸುವುದು ಅಪರೂಪ. 1980ರ ಸೆಪ್ಟೆಂಬರ್ 22ರಂದು ಇರಾಕ್ ಸೇನೆಯ ದಾಳಿಯೊಂದಿಗೆ ಆರಂಭವಾಗಿ, ಲಕ್ಷಾಂತರ ಜನರ ಪ್ರಾಣವನ್ನು ಬಲಿ ತೆಗೆದುಕೊಂಡು, 1988ರ ಆಗಸ್ಟ್ 20ರ ಕದನವಿರಾಮದೊಂದಿಗೆ ಕೊನೆಗೊಂಡ ಇರಾನ್–ಇರಾಕ್ ಯುದ್ಧವು ಈ ಪ್ರಶ್ನೆಯ ಮಹತ್ವವನ್ನು ತೋರಿಸಿಕೊಟ್ಟಿತು. ಎರಡೂ ದೇಶಗಳಲ್ಲಿ ತೈಲ ಹೇರಳವಾಗಿತ್ತು. ಆದರೂ ಎರಡೂ ದೇಶಗಳು ತೈಲದ ಕಾರಣದಿಂದಲೇ ಸಂಕಟಕ್ಕೆ ಸಿಲುಕಿದವು.

ಇರಾಕ್: ಕಿರಿದಾದ ಕಡಲತೀರ

ಇರಾಕಿಗೆ ಪರ್ಷಿಯನ್ ಕೊಲ್ಲಿಯಲ್ಲಿರುವ ಕಡಲತೀರ ಸುಮಾರು 58 ಕಿಲೋಮೀಟರ್ ಮಾತ್ರ. ಯುದ್ಧಕ್ಕೆ ಮುನ್ನ ಅದು ದಿನಕ್ಕೆ 30 ಲಕ್ಷ ಬ್ಯಾರೆಲಿಗೂ ಹೆಚ್ಚು ತೈಲವನ್ನು ರಫ್ತು ಮಾಡುತ್ತಿತ್ತು. ಅದರಲ್ಲಿ ಬಹುಪಾಲು ಕೊಲ್ಲಿಯಲ್ಲಿದ್ದ ಎರಡು ಸಾಗಣೆ ಕಟ್ಟೆಗಳಿಂದ ಹೊರಡುತ್ತಿತ್ತು. 1980ರ ನವೆಂಬರಿನಲ್ಲಿ ಇರಾನಿನ ನೌಕಾಪಡೆ ಈ ಎರಡನ್ನೂ ಹಾಳುಗೆಡವಿತು. ಯುದ್ಧವನ್ನು ಆರಂಭಿಸಿದ ದೇಶವೇ ಮೂರು ತಿಂಗಳು ತುಂಬುವ ಮೊದಲು ತನ್ನ ಸಮುದ್ರದ್ವಾರವನ್ನು ಕಳೆದುಕೊಂಡಿತು.

ಉಳಿದದ್ದು ಸಿರಿಯಾ ಮತ್ತು ಟರ್ಕಿಗಳ ಮೂಲಕ ಮೆಡಿಟರೇನಿಯನ್ ಸಮುದ್ರವನ್ನು ಸೇರುವ ಕೊಳವೆ ಮಾರ್ಗಗಳು. 1982ರ ಏಪ್ರಿಲಿನಲ್ಲಿ, ಇರಾನಿನ ಪಕ್ಷ ವಹಿಸಿದ ಸಿರಿಯಾ ತನ್ನ ಮಾರ್ಗವನ್ನು ಮುಚ್ಚಿತು. ಪ್ರತಿಯಾಗಿ ಇರಾನ್ ಅದಕ್ಕೆ ರಿಯಾಯಿತಿಯಲ್ಲಿ ತೈಲವನ್ನೊದಗಿಸಿತು. ಇರಾಕಿನ ಕೈಯಲ್ಲಿ ಉಳಿದದ್ದು ಟರ್ಕಿಯ ಮಾರ್ಗವೊಂದೇ. ಅದರ ರಫ್ತು ದಿನಕ್ಕೆ ಏಳು ಲಕ್ಷ ಬ್ಯಾರೆಲ್‌ನ ಆಸುಪಾಸಿಗೆ ಕುಸಿಯಿತು. ಕೂಡಿಟ್ಟಿದ್ದ ವಿದೇಶಿ ವಿನಿಮಯ ಕರಗಿ, ನೆರೆಯ ಅರಬ್ ರಾಷ್ಟ್ರಗಳ ಸಾಲವೇ ಅದಕ್ಕೆ ಆಧಾರವಾಯಿತು.

ಇರಾನ್: ಉದ್ದನೆಯ ತೀರ, ಒಂದೇ ದ್ವೀಪ

ಇರಾನಿನ ಸ್ಥಿತಿ ಮೇಲ್ನೋಟಕ್ಕೆ ಭದ್ರವಾಗಿತ್ತು. ಅದಕ್ಕೆ ಕೊಲ್ಲಿಯುದ್ದಕ್ಕೂ ಕಡಲತೀರವಿದೆ. ಆದರೆ ದಡದ ಬಳಿ ನೀರು ಆಳವಿಲ್ಲದ ಕಾರಣ ದೊಡ್ಡ ತೈಲ ಹಡಗುಗಳು ಅಲ್ಲಿಗೆ ಬರಲಾರವು. ಆದ್ದರಿಂದ ಅದರ ರಫ್ತಿನಲ್ಲಿ ಸುಮಾರು ಶೇ. 90ರಷ್ಟು ಖಾರ್ಗ್ ಎಂಬ ಒಂದೇ ದ್ವೀಪದಿಂದ ಸಾಗುತ್ತಿತ್ತು. ಇದಲ್ಲದೆ, ಜಗತ್ತಿನ ಅತಿ ದೊಡ್ಡ ಸಂಸ್ಕರಣಾಗಾರಗಳಲ್ಲಿ ಒಂದಾಗಿದ್ದ ಅಬಾದಾನ್ ಘಟಕವು ಯುದ್ಧದ ಆರಂಭದಲ್ಲಿಯೇ ನಿಷ್ಕ್ರಿಯವಾಯಿತು. ನೆಲದಡಿಯಲ್ಲಿ ಅಪಾರ ತೈಲವಿದ್ದ ದೇಶವು ಸಂಸ್ಕರಿಸಿದ ಇಂಧನವನ್ನು ಹೊರಗಿನಿಂದ ಕೊಂಡು, ತನ್ನ ಪ್ರಜೆಗಳಿಗೆ ಪಡಿತರದಲ್ಲಿ ಹಂಚಬೇಕಾಯಿತು.

ಭೂಸೇನೆಯಿಂದ ನಿರ್ಣಾಯಕ ಜಯ ದೊರೆಯದು ಎಂಬುದು ಮನವರಿಕೆಯಾದ ಮೇಲೆ ಇರಾಕ್ ತನ್ನ ತಂತ್ರವನ್ನು ಬದಲಿಸಿತು. 1984ರಿಂದ ಅದು ಇರಾನಿನ ತೈಲವನ್ನು ಹೊತ್ತ ಹಡಗುಗಳ ಮೇಲೆ ತೀವ್ರವಾಗಿ ದಾಳಿ ನಡೆಸತೊಡಗಿತು. 1985ರ ಆಗಸ್ಟಿನಿಂದ ಖಾರ್ಗ್ ದ್ವೀಪದ ಮೇಲೆ ಎಡೆಬಿಡದ ವಾಯುದಾಳಿ ನಡೆಯಿತು. ಇರಾನ್ ಎದೆಗುಂದಲಿಲ್ಲ. ಸಣ್ಣ ಪ್ರಮಾಣದ ಹಡಗು ಸರಣಿಯನ್ನು ಏರ್ಪಡಿಸಿ, ಖಾರ್ಗ್‌ನ ತೈಲವನ್ನು ದಕ್ಷಿಣದ ಸಿರಿ ದ್ವೀಪಕ್ಕೆ ಒಯ್ದು, ಅಲ್ಲಿ ಗ್ರಾಹಕರ ಹಡಗುಗಳಿಗೆ ವರ್ಗಾಯಿಸಿತು. 1986ರ ಆಗಸ್ಟಿನಲ್ಲಿ ಸಿರಿಯ ಮೇಲೂ ದಾಳಿಯಾಯಿತು. ವ್ಯವಹಾರವು ಹೊರ್ಮುಜ್ ಜಲಸಂಧಿಯ ಲಾರಕ್ ದ್ವೀಪಕ್ಕೆ ಸರಿಯಿತು. ನವೆಂಬರಿನಲ್ಲಿ ಇರಾಕಿನ ವಿಮಾನಗಳು ಅಲ್ಲಿಗೂ ಬಂದವು.

ಇಲ್ಲಿ ವರ್ತಕರು ಗಮನಿಸಬೇಕಾದ ಅಂಶವೊಂದಿದೆ. ಇರಾನಿನ ರಫ್ತು ಎಂದೂ ಸಂಪೂರ್ಣವಾಗಿ ನಿಲ್ಲಲಿಲ್ಲ. ಆದರೆ ಪ್ರತಿ ಬ್ಯಾರೆಲಿನ ಖರ್ಚು ಏರುತ್ತ ಹೋಯಿತು. ಹಡಗುಗಳ ಬಾಡಿಗೆ, ಎರಡು ಬಾರಿ ತುಂಬಿ ಇಳಿಸುವ ವೆಚ್ಚ, ಯುದ್ಧವಿಮೆಯ ಕಂತು ಇವೆಲ್ಲ ಸೇರಿಕೊಂಡವು. ಗ್ರಾಹಕರನ್ನು ಉಳಿಸಿಕೊಳ್ಳಲು ಇರಾನ್ ಬೆಲೆಯಲ್ಲಿ ರಿಯಾಯಿತಿ ನೀಡಬೇಕಾಯಿತು. ಇದೇ ವೇಳೆಗೆ, 1985ರ ಕೊನೆಯಲ್ಲಿ ಬ್ಯಾರೆಲಿಗೆ 25 ಡಾಲರಿಗೂ ಮೇಲಿದ್ದ ತೈಲದ ಬೆಲೆ 1986ರ ಮಧ್ಯದಲ್ಲಿ 10 ಡಾಲರ್‌ನ ಆಸುಪಾಸಿಗೆ ಇಳಿಯಿತು. ಹೀಗೆ ಒಂದು ಕಡೆ ಖರ್ಚು ಏರಿ ಇನ್ನೊಂದು ಕಡೆ ದರ ಬಿದ್ದಾಗ, ಬಾಂಬುಗಳು ಮಾಡಲಾಗದ ಹಾನಿಯನ್ನು ಲೆಕ್ಕದ ಪುಸ್ತಕ ಮಾಡಿತು.

ಎರಡನೆಯ ಬಾಗಿಲು ಯಾರದು?

ಪೆಟ್ಟು ತಿಂದ ಇರಾಕ್ ಈ ನಡುವೆ ಸುಮ್ಮನೆ ಕುಳಿತಿರಲಿಲ್ಲ. ಟರ್ಕಿಯ ಮಾರ್ಗವನ್ನು ಹಂತಹಂತವಾಗಿ ಹಿಗ್ಗಿಸಿ 1987ರಲ್ಲಿ ದಿನಕ್ಕೆ 15 ಲಕ್ಷ ಬ್ಯಾರೆಲ್ ಸಾಮರ್ಥ್ಯಕ್ಕೆ ಏರಿಸಿತು. 1985ರಲ್ಲಿ ಸೌದಿ ಅರೇಬಿಯದ ಕೊಳವೆ ಜಾಲಕ್ಕೆ ಜೋಡಣೆ ಪಡೆದು, ಕೆಂಪು ಸಮುದ್ರದ ಕಡೆಗೆ ಸುಮಾರು ಐದು ಲಕ್ಷ ಬ್ಯಾರೆಲ್ ಸಾಗಿಸುವ ಅನುಕೂಲವನ್ನು ಮಾಡಿಕೊಂಡಿತು. ಕೊಲ್ಲಿಯ ನೀರನ್ನು ಮುಟ್ಟದೆಯೇ 20 ಲಕ್ಷ ಬ್ಯಾರೆಲ್ ಕಳುಹಿಸುವ ಸಾಮರ್ಥ್ಯ ಅದಕ್ಕೆ ಬಂದಿತು. ಇರಾಕ್ ಯುದ್ಧದ ಕೊನೆಯವರೆಗೆ ತಾಳಿಕೊಳ್ಳಲು ಇದು ಮುಖ್ಯ ಕಾರಣಗಳಲ್ಲಿ ಒಂದು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಆಗಸ್ಟ್ 6ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದರ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. ಅದೇ ತಿಂಗಳಲ್ಲಿ ಟರ್ಕಿ ಮತ್ತು ಸೌದಿ ಅರೇಬಿಯದ ಮಾರ್ಗಗಳೆರಡೂ ಮುಚ್ಚಿದವು. ಏಳೆಂಟು ವರ್ಷಗಳ ಶ್ರಮದಿಂದ ಕಟ್ಟಿದ ಬಾಗಿಲುಗಳ ಚಿಲಕ ನೆರೆಯವರ ಕೈಯಲ್ಲಿತ್ತು. ದಾರಿಗಳ ಸಂಖ್ಯೆ ಹೆಚ್ಚಿದ್ದರೆ ಸಾಲದು. ಅವು ಒಂದೇ ಕಾರಣಕ್ಕೆ ಒಟ್ಟಿಗೆ ಮುಚ್ಚಿಹೋಗದಂತಿರಬೇಕು. ಈ ಯುದ್ಧದ ಅಧ್ಯಯನದಿಂದ ದೊರೆಯುವ ಸಾರಾಂಶ ಇದೇ.

ತಟಸ್ಥರಿಗೂ ತಪ್ಪದ ಹಾನಿ

ಈ ಹೋರಾಟದಲ್ಲಿ 400ಕ್ಕೂ ಹೆಚ್ಚು ವಾಣಿಜ್ಯ ಹಡಗುಗಳು ದಾಳಿಗೆ ತುತ್ತಾದವು. ಅವುಗಳಲ್ಲಿ ಅನೇಕವು ಯುದ್ಧಕ್ಕೆ ಸಂಬಂಧವಿಲ್ಲದ ದೇಶಗಳವು. 1987ರಲ್ಲಿ ಕುವೈತ್ ತನ್ನ 11 ತೈಲ ಹಡಗುಗಳನ್ನು ಅಮೆರಿಕದ ಧ್ವಜದಡಿಗೆ ತಂದಿತು; ಅಮೆರಿಕದ ನೌಕಾಪಡೆಯ ಕಾವಲಿನಲ್ಲಿ ಹೊರಟ ಮೊದಲ ತಂಡದಲ್ಲಿಯೇ ಬ್ರಿಜ್‌ಟನ್ ಎಂಬ ಹಡಗು ಜುಲೈ 24ರಂದು ಸಿಡಿಗುಂಡಿಗೆ ತಗುಲಿತು. ಬಲಾಢ್ಯರ ರಕ್ಷಣೆ ಇದ್ದರೂ ಅಪಾಯ ತಪ್ಪಲಿಲ್ಲ.

ಎರಡೂ ದೇಶಗಳಿಂದ ಕಚ್ಚಾ ತೈಲವನ್ನು ತರಿಸುತ್ತಿದ್ದ ಭಾರತಕ್ಕೂ ಇದರ ಬಿಸಿ ತಟ್ಟಿತು. ಇಂದು ನಮ್ಮ ಕರಾವಳಿಯ ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆಯನ್ನು ಕೊರೆದು ನಿರ್ಮಿಸಿದ ಭೂಗತ ತೈಲ ಸಂಗ್ರಹಾಗಾರಗಳಿವೆ. ಅವುಗಳ ಸಾಮರ್ಥ್ಯ ಕ್ರಮವಾಗಿ 15 ಲಕ್ಷ ಮತ್ತು 25 ಲಕ್ಷ ಟನ್. ವಿಶಾಖಪಟ್ಟಣದ 13.3 ಲಕ್ಷ ಟನ್ ಇದಕ್ಕೆ ಸೇರುತ್ತದೆ. ದೂರದ ಕೊಲ್ಲಿಯ ಅನುಭವವು ನಮ್ಮ ನೆಲದಲ್ಲಿ ಪಡೆದ ರೂಪವಿದು. ದಾಸ್ತಾನು ಕಾಲಾವಕಾಶವನ್ನು ನೀಡುತ್ತದೆ. ಆ ಅವಕಾಶದಲ್ಲಿ ಬೇರೆ ದಾರಿಯನ್ನು ಕಂಡುಕೊಳ್ಳಬೇಕು.

ಸಣ್ಣ ಉದ್ಯಮಿಗೆ ಅನ್ವಯ

ರಾಷ್ಟ್ರಗಳಿಗೆ ಸಲ್ಲುವ ಈ ನಿಯಮ ಹತ್ತು ಕಾರ್ಮಿಕರ ಕಾರ್ಖಾನೆಗೂ ಸಲ್ಲುತ್ತದೆ. ಈ ಕೆಳಗಿನ ಪ್ರಶ್ನೆಗಳನ್ನು ಉದ್ಯಮಿಗಳು ತಮಗೆ ತಾವೇ ಕೇಳಿಕೊಳ್ಳುವುದು ಒಳಿತು.

1. ನಮ್ಮ ‘ಖಾರ್ಗ್’ ಯಾವುದು? ಯಾವ ಒಬ್ಬ ಪೂರೈಕೆದಾರ, ಒಬ್ಬ ಗ್ರಾಹಕ ಅಥವಾ ಒಂದು ಯಂತ್ರ ನಿಂತರೆ ವ್ಯವಹಾರವೇ ನಿಲ್ಲುತ್ತದೆ?

2. ಇಬ್ಬರು ಪೂರೈಕೆದಾರರಿದ್ದರೆ, ಅವರಿಬ್ಬರೂ ಒಂದೇ ಬಂದರಿನಿಂದ ಅಥವಾ ಒಂದೇ ಮೂಲ ಕಂಪನಿಯಿಂದ ಸರಕು ತರಿಸುವವರೇ? ಹಾಗಿದ್ದಲ್ಲಿ ಅವರನ್ನು ಒಬ್ಬರೆಂದೇ ಎಣಿಸಬೇಕು.

3. ಸರಕು ವಿಮೆಯಲ್ಲಿ ಯುದ್ಧಾಪಾಯ ಸೇರಿದೆಯೇ? ಸಾಮಾನ್ಯ ಕಡಲ ವಿಮೆಯು ಇದನ್ನು ಹೊರಗಿಡುತ್ತದೆ. ಪ್ರತ್ಯೇಕವಾಗಿ ಪಡೆದ ರಕ್ಷಣೆಯನ್ನೂ ವಿಮಾದಾರರು ಇನ್ನೂ ಆರಂಭವಾಗದ ಸಾಗಣೆಗಳ ಮಟ್ಟಿಗೆ ಸಾಮಾನ್ಯವಾಗಿ ಏಳು ದಿನಗಳ ಸೂಚನೆ ನೀಡಿ ಹಿಂತೆಗೆದುಕೊಳ್ಳಬಹುದು.

4. ದರ ಏರಿದಾಗ ಆ ಹೊರೆ ಯಾರದು? ಬೆಲೆ ಏರಿಕೆಯೊಂದೇ ಒಪ್ಪಂದದಿಂದ ಬಿಡುಗಡೆಗೆ ಕಾರಣವಾಗದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ದರ ಪರಿಷ್ಕರಣೆಯ ಷರತ್ತನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಬರೆಸಿಕೊಳ್ಳಬೇಕು.

5. ಎಷ್ಟು ದಿನಗಳ ದಾಸ್ತಾನು ಇದೆ? ಬದಲಿ ಸರಕು ಬರಲು ಎಷ್ಟು ದಿನ ಬೇಕು? ಎರಡನೆಯ ಸಂಖ್ಯೆ ದೊಡ್ಡದಾಗಿದ್ದರೆ ಆ ಅಂತರವೇ ನಮ್ಮ ದೌರ್ಬಲ್ಯ.

ಎರಡನೆಯ ದಾರಿಗೆ ಖರ್ಚುಂಟು. ಶಾಂತಿಯ ದಿನಗಳಲ್ಲಿ ಅದು ದಂಡವೆಂದೇ ತೋರುತ್ತದೆ. ಆದರೆ ಇರಾಕ್ ತನ್ನ ಸೌದಿ ಮಾರ್ಗವನ್ನು ಪಡೆದದ್ದು ಸಮುದ್ರದ್ವಾರ ಹೋಗಿ ಐದು ವರ್ಷಗಳಾದ ಮೇಲೆ. ಆ ಐದು ವರ್ಷ ಕಾಯುವ ಶಕ್ತಿ ಸಾಲ ಪಡೆಯಬಲ್ಲ ಒಂದು ರಾಷ್ಟ್ರಕ್ಕಿತ್ತು; ನಮ್ಮಲ್ಲಿ ಬಹುಪಾಲು ಉದ್ಯಮಗಳಿಗೆ ಐದು ತಿಂಗಳು ಕಾಯುವ ಶಕ್ತಿಯೂ ಇಲ್ಲ. ಕೆಲಸ ಸುಗಮವಾಗಿ ನಡೆಯುತ್ತಿರುವಾಗಲೇ ಈ ಲೆಕ್ಕವನ್ನು ಹಾಕಿಡುವುದು ವಿವೇಕದ ಮಾರ್ಗ.