ಮೋಟಾರ್ ಸೈಕಲ್ಲಿನ ಎಂಜಿನ್ನು: ತಿದ್ದಿಸುವುದೇ, ಬಿಡುವುದೇ?



ಕಳೆದ ಬೇಸಗೆಯ ರಜೆಗೆ ಮುಂಚೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣಲು ಬಂದನು. ಅವನ ತಂದೆಯವರು ಯಾದಗಿರಿಯ ಕಡೆಯಿಂದ ವಲಸೆ ಬಂದು, ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುವವರು. ಹುಡುಗನು ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿ, ಕಂತಿನ ಸಾಲದ ಮೇಲೆ ೧೫೦ ಸಿ.ಸಿ.ಯ ಮೋಟಾರ್ ಸೈಕಲ್ಲೊಂದನ್ನು ಕೊಂಡಿದ್ದನು. "ಇ.ಸಿ.ಯು. ರೀಮ್ಯಾಪ್ ಮಾಡಿಸು, ಗಾಡಿ ಹಾರುತ್ತದೆ" ಎಂದು ಅವನ ಗೆಳೆಯರು ಹೇಳಿದ್ದರಂತೆ. ಕೆಲವು ತಿಂಗಳು ಕೂಡಿಸಿಟ್ಟ ಹಣ ಅವನ ಬಳಿ ಇತ್ತು. "ಸರ, ಮಾಡಸ್ಲೇನ್ರಿ, ಬ್ಯಾಡ್ರಿ?" ಎಂದು ಕೇಳಿದನು.

ನಾನು ಒಡನೆಯೇ "ಬೇಡಪ್ಪಾ" ಎಂದೆನು. "ಯಾಕ್ರಿ ಸರ?" ಎಂದು ಅವನು ಮರುಪ್ರಶ್ನೆ ಹಾಕಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಆಡಿದ್ದು ಅಂಜಿಕೆಯ ಮಾತೇ ಹೊರತು ತಿಳಿವಳಿಕೆಯ ಮಾತಾಗಿರಲಿಲ್ಲ. "ಯಾವುದನ್ನಾದರೂ ಒಪ್ಪುವ ಮುನ್ನ ಏಕೆ ಎಂದು ಕೇಳಿರಿ" ಎಂದು ತರಗತಿಯಲ್ಲಿ ಅವನಿಗೆ ಬೋಧಿಸಿದವನೂ ನಾನೇ. ಆದುದರಿಂದ ಅವನಿಂದ ಒಂದು ವಾರದ ಅವಧಿಯನ್ನು ಬೇಡಿಕೊಂಡು, ಪುಸ್ತಕಗಳನ್ನು ಓದಿ, ಬಲ್ಲ ಮೆಕ್ಯಾನಿಕರನ್ನು ವಿಚಾರಿಸಿದೆನು. ಆಗ ತಿಳಿದುಕೊಂಡ ಸಂಗತಿಗಳನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಎಂಜಿನ್ನಿನ ಉಸಿರಾಟ

ಮೋಟಾರ್ ಸೈಕಲ್ಲಿನ ಎಂಜಿನ್ನು ನಾಲ್ಕು ಹೊಡೆತಗಳಲ್ಲಿ ತನ್ನ ಕೆಲಸವನ್ನು ಮುಗಿಸುವುದು. ಮೊದಲನೆಯದರಲ್ಲಿ ಗಾಳಿಯನ್ನೂ ಪೆಟ್ರೋಲನ್ನೂ ಒಳಗೆ ಎಳೆದುಕೊಳ್ಳುವುದು. ಎರಡನೆಯದರಲ್ಲಿ ಅದನ್ನು ಅದುಮುವುದು. ಮೂರನೆಯದರಲ್ಲಿ ಕಿಡಿ ಹಾರಿ ಮಿಶ್ರಣವು ಉರಿದು ಪಿಸ್ಟನ್ನನ್ನು ತಳ್ಳುವುದು. ನಾಲ್ಕನೆಯದರಲ್ಲಿ ಹೊಗೆಯನ್ನು ಹೊರಕ್ಕೆ ಅಟ್ಟುವುದು.

ಒಂದು ಗ್ರಾಮ್ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೪.೭ ಗ್ರಾಮ್ ಗಾಳಿ ಬೇಕು. ಈಗ ಒಂದು ಲೆಕ್ಕವನ್ನು ಮಾಡೋಣ. ಒಂದು ಲೀಟರ್ ಗಾಳಿಯ ತೂಕ ಸುಮಾರು ೧.೨ ಗ್ರಾಮ್. ೧೫೦ ಸಿ.ಸಿ.ಯ ಎಂಜಿನ್ನು ಒಂದು ಸಲ ಪೂರ್ತಿಯಾಗಿ ಉಸಿರೆಳೆದರೆ ೦.೧೮ ಗ್ರಾಮ್ ಗಾಳಿ ಒಳಗೆ ಬರುವುದು. ಇದನ್ನು ೧೪.೭ರಿಂದ ಭಾಗಿಸಿದರೆ, ಬೇಕಾಗುವ ಪೆಟ್ರೋಲು ಸುಮಾರು ೧೨ ಮಿಲಿಗ್ರಾಮ್ ಮಾತ್ರ. ಎಂಜಿನ್ನು ನಿಮಿಷಕ್ಕೆ ೬೦೦೦ ಸುತ್ತು ತಿರುಗುವಾಗ ಸೆಕೆಂಡಿಗೆ ೫೦ ಸಲ ಹೀಗೆ ಉಸಿರೆಳೆಯಬೇಕು. ಪ್ರತಿ ಸಲವೂ ಆ ೧೨ ಮಿಲಿಗ್ರಾಮನ್ನು ತಪ್ಪದೆ ಅಳೆದು ಕೊಡಬೇಕು.

ಕಿಡಿಯ ಸಮಯವೂ ಅಷ್ಟೇ ಮುಖ್ಯವಾದುದು. ಮಿಶ್ರಣವು ಕ್ಷಣಮಾತ್ರದಲ್ಲಿ ಉರಿದುಬಿಡುವುದಿಲ್ಲ. ಅದಕ್ಕೆ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಕಾಲ ಬೇಕು. ೬೦೦೦ ಸುತ್ತಿನ ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿಯೇ ಎಂಜಿನ್ನಿನ ಅಚ್ಚು ೩೬ ಡಿಗ್ರಿ ತಿರುಗಿರುತ್ತದೆ. ಆದುದರಿಂದ ಪಿಸ್ಟನ್ನು ತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಕಿಡಿಯೂ ಇನ್ನಷ್ಟು ಮುಂಚಿತವಾಗಿ ಹಾರಬೇಕು.

ತಿರುಪುಳಿಯಿಂದ ಕೋಷ್ಟಕಕ್ಕೆ

ಹಿಂದೆ ಈ ಎರಡು ಕೆಲಸಗಳೂ ಮೆಕ್ಯಾನಿಕನ ಕೈಯಲ್ಲಿದ್ದವು. ೧೯೬೦ರ ದಶಕದ ಆರಂಭದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ಮೋಟಾರ್ ಸೈಕಲ್ಲುಗಳೂ, ಮುಂದೆ ಯೆಜ್ಡಿ ಮೋಟಾರ್ ಸೈಕಲ್ಲುಗಳೂ ತಯಾರಾದವು. ಆ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು. ಆ ಗಾಡಿಗಳಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುತ್ತಿದ್ದುದು ಕಾರ್ಬ್ಯುರೇಟರ್. ಮೆಕ್ಯಾನಿಕನು ತಿರುಪುಳಿಯಿಂದ ಒಂದು ತಿರುಪನ್ನು ಅತ್ತಿತ್ತ ತಿರುಗಿಸಿ, ಕಿವಿಗೊಟ್ಟು ಕೇಳಿ, ಎಂಜಿನ್ನಿನ ಸದ್ದು ಹದಕ್ಕೆ ಬಂದಾಗ ನಿಲ್ಲಿಸುತ್ತಿದ್ದನು.

೨೦೨೦ನೆಯ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ಆರು ಎಂಬ ಹೊಗೆಯ ನಿಯಮಗಳು ಜಾರಿಗೆ ಬಂದವು. ಅಂದಿನಿಂದ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮಾಯವಾಗಿ, ಇಂಜೆಕ್ಟರ್ ಎಂಬ ಸಣ್ಣ ಚಿಮ್ಮುಗೊಳವೆ ಬಂದಿತು. ಅದು ಎಷ್ಟು ಹೊತ್ತು ತೆರೆದಿರಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಇ.ಸಿ.ಯು. ಎಂಬ ಪುಟ್ಟ ಕಂಪ್ಯೂಟರು ನಿರ್ಧರಿಸುವುದು. ಅದರ ನೆನಪಿನಲ್ಲಿ ನಿಮ್ಮ ಮಗ್ಗಿಯ ಪುಸ್ತಕದಂತಹ ಕೋಷ್ಟಕಗಳುಂಟು. ಒಂದು ಬದಿಯಲ್ಲಿ ಎಂಜಿನ್ನಿನ ಸುತ್ತುಗಳು, ಇನ್ನೊಂದು ಬದಿಯಲ್ಲಿ ಸವಾರನು ಆಕ್ಸಿಲರೇಟರನ್ನು ತಿರುಗಿಸಿದ ಪ್ರಮಾಣ. ಇವೆರಡೂ ಕೂಡುವ ಮನೆಯಲ್ಲಿ ಒಂದು ಸಂಖ್ಯೆ. ಈ ಕೋಷ್ಟಕಕ್ಕೆ 'ಮ್ಯಾಪ್' ಎಂದು ಹೆಸರು.

ಹೊಗೆಯ ಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ಒಂದು ಸೆನ್ಸರ್ ಇರುತ್ತದೆ. ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಅದು ಇ.ಸಿ.ಯು.ವಿಗೆ ತಿಳಿಸುವುದು. ಇ.ಸಿ.ಯು. ಅದರಂತೆ ತನ್ನ ಅಳತೆಯನ್ನು ತಿದ್ದಿಕೊಳ್ಳುವುದು. ವಿದ್ಯಾರ್ಥಿಯು ಉತ್ತರ ಬರೆದು, ಗುರುಗಳಿಗೆ ತೋರಿಸಿ, ತಪ್ಪನ್ನು ಸರಿಪಡಿಸಿಕೊಂಡಂತೆಯೇ ಇದು.

ತಿದ್ದುವುದೆಂದರೇನು?

ತಿದ್ದುವ ದಾರಿಗಳು ಎರಡು. ಇ.ಸಿ.ಯು.ವಿನ ಒಳಗಿರುವ ಕೋಷ್ಟಕವನ್ನೇ ಅಳಿಸಿ ಬೇರೆಯದನ್ನು ಬರೆಯುವುದು ಮೊದಲನೆಯದು. ಇ.ಸಿ.ಯು.ವಿಗೂ ಇಂಜೆಕ್ಟರಿಗೂ ನಡುವೆ ಮತ್ತೊಂದು ಪೆಟ್ಟಿಗೆಯನ್ನಿಟ್ಟು, ಹಾದುಹೋಗುವ ಆಜ್ಞೆಯನ್ನು ಬದಲಿಸುವುದು ಎರಡನೆಯದು. ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ರೇಸ್ ಡೈನಮಿಕ್ಸ್ ಎಂಬ ಸಂಸ್ಥೆಯವರು 'ಪವರ್‌ಟ್ರಾನಿಕ್' ಎಂಬ ಹೆಸರಿನಲ್ಲಿ ಇಂತಹ ಪೆಟ್ಟಿಗೆಗಳನ್ನು ತಾವೇ ರೂಪಿಸಿ ತಯಾರಿಸಿದ್ದಾರೆ. ಕನ್ನಡ ನಾಡಿನ ಜಾಣ್ಮೆಗೆ ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಒಂದು ವಿದ್ಯೆ ಉಂಟು ಎಂಬುದು ಒಂದು ಮಾತು. ಅದು ನಮಗೆ ಬೇಕೇ ಎಂಬುದು ಬೇರೆಯ ಮಾತು.

ಲಾಭವೆಷ್ಟು?

ಎಂಜಿನ್ನಿನ ಶಕ್ತಿಯು ಅದು ಎಳೆದುಕೊಳ್ಳುವ ಗಾಳಿಯನ್ನು ಅವಲಂಬಿಸಿದೆ. ೧೫೦ ಸಿ.ಸಿ.ಯ ಸಿಲಿಂಡರಿನಲ್ಲಿ ಹಿಡಿಸುವಷ್ಟೇ ಗಾಳಿ ಹಿಡಿಸುವುದು. ಕೋಷ್ಟಕವನ್ನು ಬದಲಿಸಿದ ಮಾತ್ರಕ್ಕೆ ಸಿಲಿಂಡರು ದೊಡ್ಡದಾಗುವುದಿಲ್ಲ. ಟರ್ಬೋ ಇರುವ ಕಾರುಗಳಲ್ಲಿ ಗಾಳಿಯನ್ನು ಒತ್ತಿ ತುಂಬುವ ಯಂತ್ರವಿರುವುದರಿಂದ ಅಲ್ಲಿ ಹೆಚ್ಚಿನ ಲಾಭ ಸಾಧ್ಯ. ನಮ್ಮ ಮೋಟಾರ್ ಸೈಕಲ್ಲುಗಳಲ್ಲಿ ಅದಿಲ್ಲ.

ಪೆಟ್ರೋಲನ್ನು ತುಸು ಹೆಚ್ಚಿಸಿ, ಒಂದು ಗ್ರಾಮಿಗೆ ೧೩ ಗ್ರಾಮ್ ಗಾಳಿ ಎನ್ನುವಂತೆ ಮಾಡಿದರೆ ಶಕ್ತಿಯು ನೂರಕ್ಕೆ ಕೆಲವೇ ಪಾಲು ಏರುವುದು. ಅಲ್ಲಿ ಪೆಟ್ರೋಲಿನ ಖರ್ಚು ಮಾತ್ರ ನೂರಕ್ಕೆ ಹದಿಮೂರು ಪಾಲು ಏರುವುದು. ಶಕ್ತಿಯು ನೂರಕ್ಕೆ ಐದು ಪಾಲು ಏರಿತೆಂದೇ ಇಟ್ಟುಕೊಳ್ಳೋಣ. ೧೪ ಅಶ್ವಶಕ್ತಿಯ ಎಂಜಿನ್ನು ೧೪.೭ ಆಯಿತು. ಗಾಡಿಯ ವೇಗವು ಎಷ್ಟು ಹೆಚ್ಚೀತು? ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿಯು ವೇಗದ ಘನವನ್ನು ಅನುಸರಿಸಿ ಏರುವುದು. ಆದುದರಿಂದ ಗಂಟೆಗೆ ೧೧೦ ಕಿಲೋಮೀಟರ್ ಓಡಬಲ್ಲ ಗಾಡಿಯು ೧೧೨ನ್ನೂ ಮುಟ್ಟಲಾರದು. ಸಂಜೆಯ ಹೊತ್ತು ಕಳಂಬೋಲಿಯ ವೃತ್ತದಲ್ಲಿ ಟ್ರಕ್ಕುಗಳ ನಡುವೆ ಕಾಲೂರಿ ನಿಲ್ಲುವ ಸವಾರನಿಗೆ ಈ ಎರಡು ಕಿಲೋಮೀಟರಿನಿಂದ ಆಗುವ ಪ್ರಯೋಜನವೇನು?

ಇಷ್ಟು ಲಾಭವೂ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದಾಗ ಮಾತ್ರ. ಸಾಧಾರಣ ಓಟದಲ್ಲಿ ಆಮ್ಲಜನಕದ ಸೆನ್ಸರ್ ಹೊಸ ಅಳತೆಯನ್ನು ಮತ್ತೆ ೧೪.೭ರ ಕಡೆಗೇ ಎಳೆಯುವುದು. ಎಳೆಯದಂತೆ ಮಾಡಬೇಕಾದರೆ ಆ ಸೆನ್ಸರಿಗೆ ಸುಳ್ಳು ಹೇಳಬೇಕಾಗುತ್ತದೆ.

ನಷ್ಟವೇನು?

ಮೊದಲನೆಯದು ಹೊಗೆ. ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ವಿಷವಾಯುಗಳನ್ನು ಶುದ್ಧಿ ಮಾಡುವುದು. ಆದರೆ ಮಿಶ್ರಣವು ೧೪.೭ರ ಆಸುಪಾಸಿನಲ್ಲಿದ್ದರೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುವುದು. ಪೆಟ್ರೋಲು ಹೆಚ್ಚಾದರೆ ಕಾರ್ಬನ್ ಮೊನಾಕ್ಸೈಡ್ ಹಾಗೆಯೇ ಹೊರಬೀಳುವುದು. ಒಂದು ಬದಿಗೆ ತಳೋಜದ ಕಾರ್ಖಾನೆಗಳು, ಇನ್ನೊಂದು ಬದಿಗೆ ಹೆದ್ದಾರಿ ಇರುವ ನಮ್ಮೂರಿನಲ್ಲಿ ಆ ಗಾಳಿಯನ್ನು ಉಸಿರಾಡುವವರು ನಾವೇ.

ಎರಡನೆಯದು ಎಂಜಿನ್ನಿನ ಬಾಳಿಕೆ. ಕಿಡಿಯು ಅತಿ ಮುಂಚಿತವಾಗಿ ಹಾರಿದರೆ, ಉರಿಯದೆ ಉಳಿದ ಮಿಶ್ರಣವು ಒತ್ತಡಕ್ಕೂ ಕಾವಿಗೂ ತಾನಾಗಿಯೇ ಸಿಡಿಯುವುದು. ಇದನ್ನು 'ನಾಕಿಂಗ್' ಎನ್ನುವರು. ಪಿಸ್ಟನ್ನಿನ ಮೇಲೆ ಸಣ್ಣ ಸುತ್ತಿಗೆಯ ಪೆಟ್ಟುಗಳು ಬಿದ್ದಂತೆ ಅದು. ದೊಡ್ಡ ಕಾರುಗಳಲ್ಲಿ ಈ ಪೆಟ್ಟನ್ನು ಗುರುತಿಸುವ ಸೆನ್ಸರ್ ಉಂಟು. ಬಹುಪಾಲು ಸಣ್ಣ ಮೋಟಾರ್ ಸೈಕಲ್ಲುಗಳಲ್ಲಿ ಇಲ್ಲ. ಎಕ್ಸ್‌ಪ್ರೆಸ್ ಹೆದ್ದಾರಿಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಪುಣೆಯ ಕಡೆಗೆ ಹೊರಟವರು ಖೋಪೋಲಿಯಿಂದ ಹಳೆಯ ಘಾಟನ್ನು ಏರಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆ ಏರನ್ನು ಹತ್ತುವಾಗಲೇ ತಪ್ಪು ಕೋಷ್ಟಕದ ಪರೀಕ್ಷೆ ನಡೆಯುವುದು.

ಮೂರನೆಯದು ಸುತ್ತಿನ ಮಿತಿ. ಎಂಜಿನ್ನು ಇಷ್ಟಕ್ಕಿಂತ ಹೆಚ್ಚು ಸುತ್ತಬಾರದೆಂದು ತಯಾರಕರು ಕಟ್ಟುಹಾಕಿರುತ್ತಾರೆ. ಕೆಲವರು ಅದನ್ನೂ ಏರಿಸುತ್ತಾರೆ. ಪಿಸ್ಟನ್ನನ್ನು ಹಿಂದುಮುಂದಾಗಿ ಎಳೆಯುವ ಬಲವು ಸುತ್ತಿನ ವರ್ಗವನ್ನು ಅನುಸರಿಸುವುದು. ಸುತ್ತುಗಳು ನೂರಕ್ಕೆ ಹತ್ತು ಪಾಲು ಏರಿದರೆ ಬಲವು ನೂರಕ್ಕೆ ಇಪ್ಪತ್ತೊಂದು ಪಾಲು ಏರುವುದು. ಕಬ್ಬಿಣವು ಗೆಳೆಯರ ಮಾತನ್ನು ಕೇಳುವುದಿಲ್ಲ. ಗಣಿತದ ಮಾತನ್ನು ಮಾತ್ರ ಕೇಳುವುದು.

ಇದಲ್ಲದೆ, ತಿದ್ದಿದ ಗಾಡಿಯು ಕೆಟ್ಟರೆ ತಯಾರಕರು ವಾರಂಟಿಯನ್ನು ನಿರಾಕರಿಸಬಹುದು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಕಾಯಿದೆಯ ಮಾತು

ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕಾಯಿದೆಯು ಒಪ್ಪದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಪ್ರತಿಯೊಂದು ಮಾರ್ಪಾಟಿಗೂ ೫೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಎಂದು ೨೦೧೯ರ ತಿದ್ದುಪಡಿಯು ಹೇಳುವುದು. ಹೊಗೆ ಮತ್ತು ಸದ್ದಿನ ನಿಯಮಗಳನ್ನು ಮುರಿದವರಿಗೆ ೧೦,೦೦೦ ರೂಪಾಯಿಯವರೆಗೆ ದಂಡವುಂಟು. ಇನ್ನು, ಹದಿನೆಂಟು ತುಂಬದ ನೀವು ಇಂತಹ ಗಾಡಿಯನ್ನು ಓಡಿಸಿ ಸಿಕ್ಕಿಬಿದ್ದರೆ ೨೫,೦೦೦ ರೂಪಾಯಿ ದಂಡವೂ ಸೆರೆವಾಸದ ಭಯವೂ ನಿಮ್ಮ ತಂದೆ ತಾಯಿಯರ ಪಾಲಿಗೆ ಎಂಬುದನ್ನು ಮರೆಯಬೇಡಿರಿ.

ತೀರ್ಮಾನ

ಹಾಗಾದರೆ ತಿದ್ದುವುದು ಎಂದಿಗೂ ತಪ್ಪೇ? ಹಾಗೆನ್ನಲಾಗದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಂತಹ ಪಂದ್ಯದ ಪಥದಲ್ಲಿ ಓಡುವ ಗಾಡಿಗಳಿಗೆ ಸೈಲೆನ್ಸರ್, ಗಾಳಿಯ ದಾರಿ ಮುಂತಾದವುಗಳನ್ನೂ ಬದಲಿಸಿರುತ್ತಾರೆ. ಗಾಳಿ ಬದಲಾದರೆ ಕೋಷ್ಟಕವೂ ಬದಲಾಗಲೇಬೇಕು. ಅಲ್ಲಿ ಅದನ್ನು ಅಳತೆಯ ಯಂತ್ರದ ಮೇಲೆ ಗಾಡಿಯನ್ನು ನಿಲ್ಲಿಸಿ, ಪರೀಕ್ಷಿಸಿಯೇ ಬರೆಯುತ್ತಾರೆ. ತಯಾರಕರೇ ತಮ್ಮ ಸರ್ವಿಸ್ ಕೇಂದ್ರದಲ್ಲಿ ಕೋಷ್ಟಕವನ್ನು ಸುಧಾರಿಸಿ ಕೊಟ್ಟರೆ ಅದನ್ನು ಅಗತ್ಯವಾಗಿ ಹಾಕಿಸಿಕೊಳ್ಳಬೇಕು. ಆದರೆ ಕಾರ್ಖಾನೆಯಿಂದ ಬಂದಂತೆಯೇ ಇರುವ, ರಸ್ತೆಯ ಮೇಲೆ ಹೊಟ್ಟೆಪಾಡಿಗಾಗಿ ಓಡುವ ಗಾಡಿಗೆ ಇದು ಬೇಡ. ಗಾಳಿಯ ಫಿಲ್ಟರ್, ಸ್ಪಾರ್ಕ್ ಪ್ಲಗ್, ಚೈನು, ಟೈರಿನ ಗಾಳಿ ಇವುಗಳನ್ನು ಸುಸ್ಥಿತಿಯಲ್ಲಿಟ್ಟರೆ ಕಳೆದುಹೋದ ಶಕ್ತಿಯು ಕಡಿಮೆ ಖರ್ಚಿನಲ್ಲಿಯೇ ಮರಳುವುದು.

ವಾರದ ಬಳಿಕ ಬಂದ ನನ್ನ ಶಿಷ್ಯನಿಗೆ ಇದನ್ನೆಲ್ಲ ಹೇಳಿದೆನು. ಅವನು ಕಾಗದದ ಮೇಲೆ ಲೆಕ್ಕವನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿ ಒಪ್ಪಿದನು. ಹಣದಲ್ಲಿ ಹೊಸ ಚೈನನ್ನೂ ಹಿಂದಿನ ಟೈರನ್ನೂ ಹಾಕಿಸಿದನು. ಉಳಿದುದನ್ನು ಏನು ಮಾಡಿದನೆಂದು ನಾನು ಕೇಳಲಿಲ್ಲ. ಆದರೆ ಹೊರಡುವಾಗ ಅವನು ಕೇಳಿದ ಪ್ರಶ್ನೆ ನನಗೆ ತುಂಬ ಹಿಡಿಸಿತು: "ಸರ, ಆ ಕೋಷ್ಟಕ ಬರೆಯೋರು ಯಾರ್ರಿ?"

ಹೊಸೂರು, ಕೋಲಾರದ ನರಸಾಪುರ, ಪುಣೆಯ ಬಳಿಯ ಚಾಕಣ ಮುಂತಾದೆಡೆ ಮೋಟಾರ್ ಸೈಕಲ್ಲಿನ ಕಾರ್ಖಾನೆಗಳಿವೆ. ಆ ಕೋಷ್ಟಕಗಳನ್ನು ಬರೆಯುವವರೂ ಒಂದು ಕಾಲದಲ್ಲಿ ನಿಮ್ಮಂತೆಯೇ ಭಾಗಾಕಾರವನ್ನೂ ಘನಮೂಲವನ್ನೂ ಕಲಿತವರೇ. ಕನ್ನಡದಲ್ಲಿ ಕಲಿತ ಗಣಿತವೂ ಅದೇ ಗಣಿತ. ಐ.ಟಿ.ಐ., ಡಿಪ್ಲೊಮಾ, ಎಂಜಿನಿಯರಿಂಗ್ ಎಂಬ ಬಾಗಿಲುಗಳು ನಿಮಗೂ ತೆರೆದಿವೆ. ತಿಳಿಯದೆ ತಿದ್ದಿಸುವವರಾಗಬೇಡಿ, ತಿಳಿದು ಬರೆಯುವವರಾಗಿರಿ.

ಅಭ್ಯಾಸ

೧. ೧೨೫ ಸಿ.ಸಿ.ಯ ಎಂಜಿನ್ನು ನಿಮಿಷಕ್ಕೆ ೬೦೦೦ ಸುತ್ತು ತಿರುಗುವಾಗ, ಪೂರ್ತಿ ಉಸಿರೆಳೆದರೆ, ಸೆಕೆಂಡಿಗೆ ಎಷ್ಟು ಗ್ರಾಮ್ ಪೆಟ್ರೋಲು ಬೇಕು?

೨. ನಿಮಿಷಕ್ಕೆ ೩೦೦೦ ಸುತ್ತಿನಲ್ಲಿ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಅಚ್ಚು ಎಷ್ಟು ಡಿಗ್ರಿ ತಿರುಗುವುದು?

೩. ಗಾಡಿಯ ವೇಗವನ್ನು ಇಮ್ಮಡಿಗೊಳಿಸಲು ಗಾಳಿಯ ಎದುರು ಎಷ್ಟು ಪಟ್ಟು ಶಕ್ತಿ ಬೇಕು? ಉತ್ತರವನ್ನು ಮನೆಯಲ್ಲಿ ಗಾಡಿ ಓಡಿಸುವ ಅಣ್ಣನಿಗೋ ಮಾವನಿಗೋ ವಿವರಿಸಿ ಹೇಳಿರಿ.